ಬಾತುಕೋಳಿ ಮನೆಯ ಮರೆಯಲ್ಲಿ

ಬ್ರಿಟನ್ನಿನ ಸಂಸದರ ಖರ್ಚಿನ ಹಗರಣ ಎಂದ ಕೂಡಲೇ ಅಲ್ಲಿಯ ಜನರಿಗೆ ಇವತ್ತಿಗೂ ನೆನಪಾಗುವುದು ಒಂದು ಬಾತುಕೋಳಿ ಮನೆ. ಕೊಳದ ನಡುವೆ ತೇಲಿಬಿಡುವ ಪುಟ್ಟ ಮನೆ. ಬೆಲೆ 1,645 ಪೌಂಡು. ಗಾಸ್‌ಪೋರ್ಟ್ ಕ್ಷೇತ್ರದ ಕನ್ಸರ್ವೇಟಿವ್ ಸಂಸದ ಸರ್ ಪೀಟರ್ ವಿಗರ್ಸ್ ತಮ್ಮ ತೋಟದ ಖರ್ಚಿನ ಲೆಕ್ಕದೊಂದಿಗೆ ಅದನ್ನೂ ಪಾರ್ಲಿಮೆಂಟಿನ ಭತ್ಯೆ ಕಚೇರಿಗೆ ಕಳುಹಿಸಿದ್ದರು. 2009ರ ಮೇ ತಿಂಗಳಲ್ಲಿ 'ಡೈಲಿ ಟೆಲಿಗ್ರಾಫ್' ಪತ್ರಿಕೆ ಇದನ್ನು ಹೊರಗೆಳೆದಾಗ ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ವಿಗರ್ಸ್ ಮುಂದಿನ ಚುನಾವಣೆಗೆ ನಿಲ್ಲಲಿಲ್ಲ.

ತಮಾಷೆಯೆಂದರೆ ಆ ಮನೆಗಾಗಿ ಬೊಕ್ಕಸದಿಂದ ಒಂದು ಪೆನ್ನಿಯೂ ಹೋಗಿರಲಿಲ್ಲ. ಇದಕ್ಕೆ ಹಣ ಕೊಡಲಾಗದೆಂದು ಕಚೇರಿಯವರು ಆಗಲೇ ತಳ್ಳಿಹಾಕಿದ್ದರು. ಬಾತುಕೋಳಿಗಳಿಗೂ ಅದು ಹಿಡಿಸಲಿಲ್ಲವೆಂದು ಮುಂದೆ ವಿಗರ್ಸ್ ಅವರೇ ಹೇಳಿಕೊಂಡರು. ಆದರೆ ಮೂರು ವರ್ಷಗಳಲ್ಲಿ ತೋಟದ ಹೆಸರಿನಲ್ಲಿ ಅವರು ಕೇಳಿದ್ದ 30,000ಕ್ಕೂ ಹೆಚ್ಚು ಪೌಂಡಿನ ಮಾತು ಎಷ್ಟು ಜನರ ನೆನಪಿನಲ್ಲಿ ಉಳಿದಿದೆ?

ನಾವು ಕತೆ ಬರೆಯುವವರು. ಒಂದು ಸಣ್ಣ ವಿವರ ಇಡೀ ಕತೆಯನ್ನು ಹೊತ್ತು ನಿಲ್ಲಬಲ್ಲದು ಎಂಬುದು ನಮಗೆ ಗೊತ್ತು. ಅದೇ ವಿವರ ಇಡೀ ಕತೆಯನ್ನು ನುಂಗಿಯೂ ಬಿಡಬಲ್ಲದು ಎಂಬುದೂ ಗೊತ್ತು. ಆ ವರ್ಷ ಬ್ರಿಟನ್ನಿನಲ್ಲಿ ನಡೆದ ಸಾರ್ವಜನಿಕ ಚರ್ಚೆಯನ್ನು ಒಂದು ಕತೆಯಂತೆ ಓದಿದರೆ, ಅದರ ದೊಡ್ಡ ದೋಷ ಇದೇ ಎಂದು ನಮಗೆ ತೋರುತ್ತದೆ. ಬಾತುಕೋಳಿ ಮನೆ, ಕೋಟೆಮನೆಯ ಸುತ್ತಲಿನ ಕಂದಕ, ಗೃಹಮಂತ್ರಿ ಜಾಕಿ ಸ್ಮಿತ್ ಅವರ ಪಟ್ಟಿಯಲ್ಲಿದ್ದ 88 ಪೆನ್ಸಿನ ಸ್ನಾನದ ತೊಟ್ಟಿಯ ಬಿರಡೆ, ಇವೆಲ್ಲ ಓದಲು ಸೊಗಸು. ಆದರೆ ಹಣ ಹೋದದ್ದು ಈ ದಾರಿಯಲ್ಲಲ್ಲ.

ಅದು ಹೋದದ್ದು ಮನೆಗಳ ದಾರಿಯಲ್ಲಿ. ದೂರದ ಕ್ಷೇತ್ರದಿಂದ ಬಂದ ಸಂಸದನಿಗೆ ಊರಿನಲ್ಲೊಂದು, ಲಂಡನ್ನಿನಲ್ಲೊಂದು ಮನೆ ಬೇಕಾಗುತ್ತದೆ. ಇದು ನ್ಯಾಯವಾದ ಬೇಡಿಕೆ. ಅದಕ್ಕೆಂದೇ 1971ರಲ್ಲಿ 'ಎರಡನೆಯ ಮನೆ'ಯ ಭತ್ಯೆ ಹುಟ್ಟಿತು. ಸಂಬಳ ಏರಿಸಿದರೆ ಮತದಾರರು ಮುನಿಯುತ್ತಾರೆಂದು ಹಿಂಜರಿದ ಸರ್ಕಾರಗಳು ಭತ್ಯೆಯ ಹಗ್ಗವನ್ನು ಸಡಿಲ ಬಿಡುತ್ತಾ ಬಂದವು. 2009ರ ಹೊತ್ತಿಗೆ ಸಂಸದರ ಸಂಬಳ ವರ್ಷಕ್ಕೆ ಸುಮಾರು 64,000 ಪೌಂಡು; ಮನೆ ಭತ್ಯೆಯ ಮಿತಿ ಸುಮಾರು 24,000. ಇದರಲ್ಲಿ ಸಾಲದ ಬಡ್ಡಿಯನ್ನೂ ಕಟ್ಟಬಹುದಿತ್ತು. ಕೆಲವರು ಇವತ್ತು ಈ ಮನೆ ಎರಡನೆಯದು, ನಾಳೆ ಆ ಮನೆ ಎರಡನೆಯದು ಎಂದು ದೋಸೆ ಮಗುಚಿದಂತೆ ಮಗುಚಿ ಹಾಕಿದರು. ಮಾರುವಾಗ ತೆರಿಗೆ ಇಲಾಖೆಯ ಮುಂದೆ ಅದನ್ನೇ ಮೊದಲ ಮನೆ ಎಂದರು.

ಸಿಕ್ಕಿಬಿದ್ದವರ ಬಾಯಲ್ಲಿ ಒಂದೇ ಮಾತು: 'ಎಲ್ಲವೂ ನಿಯಮದೊಳಗೇ ಇತ್ತು.' ಉರ್ದುವಿನಲ್ಲಿ ಜಾಯಿಜ್ ಎಂಬುದು ಒಂದು, ಮುನಾಸಿಬ್ ಎಂಬುದು ಇನ್ನೊಂದು. ಮೊದಲನೆಯದು ನಿಯಮ ಒಪ್ಪುವಂಥದ್ದು, ಎರಡನೆಯದು ಮನುಷ್ಯನಿಗೆ ಒಪ್ಪುವಂಥದ್ದು. ಎರಡರ ನಡುವಿನ ಅಂತರವನ್ನು ನಮ್ಮ ಹಳ್ಳಿಯ ಅಂಗಡಿಯವನೂ ಬಲ್ಲ. ಆದರೆ ನಮಗೆ ಮುಖ್ಯವೆನಿಸುವುದು ಬೇರೆ ಪ್ರಶ್ನೆ. ಆ ನಿಯಮಗಳನ್ನು ಬರೆದವರು ಯಾರು? ಅವರೇ. ಕಾಯ್ದುಕೊಂಡವರು ಯಾರು? ಅವರೇ. ಇಲ್ಲಿಗೆ ಬಂದಾಗ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದ ಕರಗಿಹೋಯಿತು.

ಬ್ರಿಟನ್ನಿನ ಮಾಹಿತಿ ಹಕ್ಕು ಕಾಯ್ದೆ 2005ರ ಜನವರಿಯಲ್ಲಿ ಜಾರಿಗೆ ಬಂತು. ಹೆದರ್ ಬ್ರೂಕ್ ಎಂಬ ಪತ್ರಕರ್ತೆ ಅದರ ಅಡಿಯಲ್ಲಿ ಸಂಸದರ ಖರ್ಚಿನ ವಿವರ ಕೇಳಿದರು. ಕೊಡಲಿಲ್ಲ. ಮತ್ತೆ ಕೇಳಿದರು. 2007ರ ಮೇ ತಿಂಗಳಲ್ಲಿ ಡೇವಿಡ್ ಮ್ಯಾಕ್ಲೀನ್ ಎಂಬ ಕನ್ಸರ್ವೇಟಿವ್ ಸದಸ್ಯರ ಮಸೂದೆಯೊಂದು ಕೆಳಮನೆಯಲ್ಲಿ 96ಕ್ಕೆ 25 ಮತಗಳಿಂದ ಗೆದ್ದಿತು. ಪಾರ್ಲಿಮೆಂಟನ್ನೇ ಮಾಹಿತಿ ಹಕ್ಕಿನಿಂದ ಹೊರಗಿಡಬೇಕೆಂಬುದು ಅದರ ಸಾರ. ಈ ಮ್ಯಾಕ್ಲೀನ್ ತಮ್ಮ ಪಕ್ಷದ ಮುಖ್ಯ ಸಚೇತಕರಾಗಿದ್ದವರು. ಲೇಬರ್ ಸದಸ್ಯರನ್ನು ಹೇಗಾದರೂ ಸೋಲಿಸುವುದೇ ಕಸುಬಾಗಿದ್ದ ಅವರಿಗೆ ಅಂದು ಲೇಬರ್ ಸದಸ್ಯರೇ ಕೈ ಎತ್ತಿದರು. ಮೇಲ್ಮನೆಯಲ್ಲಿ ಅದನ್ನು ಮಂಡಿಸಲು ಒಬ್ಬರೂ ಮುಂದೆ ಬಾರದೆ ಮಸೂದೆ ಬಿದ್ದುಹೋಯಿತು. 2008ರ ಮೇ 16ರಂದು ಹೈಕೋರ್ಟು ಬ್ರೂಕ್ ಪರವಾಗಿ ತೀರ್ಪು ಕೊಟ್ಟಿತು. ಆಮೇಲೂ 2009ರ ಜನವರಿಯಲ್ಲಿ ಸರ್ಕಾರ ವಿನಾಯಿತಿ ಪಡೆಯಲು ಇನ್ನೊಮ್ಮೆ ಪ್ರಯತ್ನಿಸಿ ಕೈಬಿಟ್ಟಿತು.

ಪತ್ರಿಕೆ ಮುಂದಾಗದೆ ಪಾರ್ಲಿಮೆಂಟೇ ಈ ಕಡತಗಳನ್ನು ಪ್ರಕಟಿಸಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ನಮ್ಮ ಮುಂದಿದೆ. ಜೂನ್ 18ರಂದು ಅಧಿಕೃತ ಪ್ರತಿಗಳು ಹೊರಬಂದಾಗ ಪುಟಗಳ ಮೇಲೆ ಕಪ್ಪು ಮಸಿ ಹರಿದಿತ್ತು. ವಿಳಾಸಗಳೆಲ್ಲ ಮಸಿಯ ಕೆಳಗೆ. ವಿಳಾಸವೇ ಇಲ್ಲದ ಮೇಲೆ ಮನೆ ಮಗುಚಿದ್ದು ಯಾರಿಗೆ ಕಾಣಬೇಕು? ಬಿರಡೆ ಕಾಣುತ್ತದೆ, ಬಂಗಲೆ ಕಾಣುವುದಿಲ್ಲ.

ಈ ಪ್ರಸಂಗದ ಬಗ್ಗೆ ಟೆಲಿಗ್ರಾಫಿನ ವರದಿಗಾರರಾದ ರಾಬರ್ಟ್ ವಿನ್ನೆಟ್ ಮತ್ತು ಗಾರ್ಡನ್ ರೇನರ್ ಅದೇ ವರ್ಷ 'ನೋ ಎಕ್ಸ್‌ಪೆನ್ಸಸ್ ಸ್ಪೇರ್ಡ್' ಎಂಬ ಪುಸ್ತಕ ಬರೆದರು. ಮಸಿ ಬಳಿಯುವ ಕೋಣೆಗೆ ಕಾವಲಿದ್ದವರು ರಜೆಯ ದಿನಗಳಲ್ಲಿ ನಾಲ್ಕು ಕಾಸು ಗಳಿಸಲು ಬಂದ ಸೈನಿಕರು, ಯುದ್ಧಭೂಮಿಯಲ್ಲಿ ತಮಗೆ ಸರಿಯಾದ ಸಲಕರಣೆಯಿಲ್ಲದಾಗ ಇಲ್ಲಿಯ ಪಟ್ಟಿಗಳನ್ನು ಕಂಡು ಅವರಿಗಾದ ಸಂಕಟವೇ ಕಡತ ಹೊರಬರಲು ಒಂದು ಕಾರಣ ಎಂದು ಅವರು ಹೇಳುತ್ತಾರೆ. ಇದು ನಿಜವಾದ ಕತೆಗಾರನಿಗೆ ಸಿಗಬೇಕಾಗಿದ್ದ ದೃಶ್ಯ! ಆದರೆ ಪುಸ್ತಕದ ಮನಸ್ಸು ಪತ್ರಿಕೆಯ ಸಾಹಸದ ಮೇಲಿದೆ. ಒಂದು ಲಕ್ಷ ಪೌಂಡಿಗೂ ಮೇಲೆ ಕೊಟ್ಟು ಕಡತ ಕೊಂಡವರು ನಾಯಕರಾಗುತ್ತಾರೆ, ವರ್ಷಗಟ್ಟಲೆ ಅರ್ಜಿ ಬರೆದು ಕೋರ್ಟಿಗೆ ಅಲೆದ ಹೆಂಗಸು ಬದಿಗೆ ಸರಿಯುತ್ತಾರೆ. ಬಿಬಿಸಿ 2010ರ ಫೆಬ್ರವರಿಯಲ್ಲಿ ತೋರಿಸಿದ 'ಆನ್ ಎಕ್ಸ್‌ಪೆನ್ಸಸ್' ಚಿತ್ರ ಈ ಅನ್ಯಾಯವನ್ನು ಸರಿಪಡಿಸಿತು. ಅದರ ಕೇಂದ್ರದಲ್ಲಿರುವುದು ಬ್ರೂಕ್ ಅವರೇ.

ಅದೇ ಚಿತ್ರದಲ್ಲಿ ಬ್ರಯಾನ್ ಕಾಕ್ಸ್ ಸ್ಪೀಕರ್ ಮೈಕೆಲ್ ಮಾರ್ಟಿನ್ ಆಗಿ ನಟಿಸಿದ್ದಾರೆ. ಮಾರ್ಟಿನ್ ಗ್ಲಾಸ್ಗೋದ ಬಡ ಮನೆಯಲ್ಲಿ ಹುಟ್ಟಿ, ತಗಡಿನ ಕೆಲಸ ಮಾಡಿ ಮೇಲೆ ಬಂದವರು. ಗೋಪ್ಯತೆಯನ್ನು ಬಿಗಿಯಾಗಿ ಹಿಡಿದುಕೊಂಡರು, ಪ್ರಶ್ನಿಸಿದ ಸದಸ್ಯರನ್ನು ಸಭೆಯಲ್ಲೇ ಗದರಿದರು, ಮೇ 19ರಂದು ರಾಜೀನಾಮೆ ಘೋಷಿಸಿದರು. ಸ್ಪೀಕರನ್ನು ಹೀಗೆ ಕೆಳಗಿಳಿಸಿದ್ದು 1695ರ ನಂತರ ಅದೇ ಮೊದಲು. ಅವರ ತಪ್ಪು ಸಣ್ಣದಲ್ಲ. ಆದರೆ ಲಂಡನ್ನಿನ ಅಂಕಣಕಾರರು ವರ್ಷಗಳಿಂದ ಅವರಿಗೆ ಅಂಟಿಸಿದ್ದ 'ಗಾರ್ಬಲ್ಸ್ ಮಿಕ್' ಎಂಬ ಅಡ್ಡಹೆಸರಿನಲ್ಲಿ ಕೂಲಿಕಾರನ ಮಗನ ಮೇಲಿನ ತಾತ್ಸಾರವಿತ್ತು. ಗಾರ್ಬಲ್ಸ್ ಅವರ ಕೇರಿಯೂ ಅಲ್ಲ, ಅವರು ಹುಟ್ಟಿದ್ದು ಆಂಡರ್ಸ್‌ಟನ್ನಿನಲ್ಲಿ. ಕಂದಕದ ಒಡೆಯರು ಮೆಲ್ಲನೆ ನಿವೃತ್ತರಾದರು. ತಗಡಿನ ಕೆಲಸದವನ ತಲೆ ಮೊದಲು ಉರುಳಿತು.

ಇನ್ನು ಪಕ್ಷನಿಷ್ಠೆಯ ಮಾತು. ವಿಪ್ ಎಂಬ ಪದ ಇಂಗ್ಲಿಷರ ನರಿಬೇಟೆಯಿಂದ ಬಂದದ್ದು. ಬೇಟೆನಾಯಿಗಳು ಗುಂಪು ಬಿಟ್ಟು ಓಡದಂತೆ ಚಾಟಿ ಬೀಸಿ ತಿರುಗಿಸುವವನಿಂದ. ಈ ಪದವೂ ಅದರ ಜೊತೆಗೆ ರೆಸಾರ್ಟ್ ಎಂಬ ಪದವೂ ಕರ್ನಾಟಕದ ಓದುಗರಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆಯಿಂದಾಗಿ ವಿಪ್ ಮೀರಿದವನ ಸದಸ್ಯತ್ವಕ್ಕೇ ಕುತ್ತು. ಬ್ರಿಟನ್ನಿನಲ್ಲಿ ಅಂಥ ಕಾನೂನಿಲ್ಲ. ಅಲ್ಲಿ ಕುರ್ಚಿ ಉಳಿಯುತ್ತದೆ, ಮುಂದಿನ ಟಿಕೆಟ್ ಹೋಗುತ್ತದೆ.

ಹಗರಣ ಒಡೆದಾಗ ಎರಡೂ ಪಕ್ಷಗಳ ನಾಯಕರು ಈ ಚಾಟಿಯನ್ನು ಕೈಗೆತ್ತಿಕೊಂಡರು. ಡೇವಿಡ್ ಕ್ಯಾಮರನ್ ತಮ್ಮವರಿಗೆ ಹಣ ಹಿಂದಿರುಗಿಸಿ, ಇಲ್ಲವೇ ಪಕ್ಷ ಬಿಡಿ ಎಂದರು. ಗಾರ್ಡನ್ ಬ್ರೌನ್ ಅವರ ಲೇಬರ್ ಪಕ್ಷ ವಿಚಾರಣೆಗೊಂದು ಸಮಿತಿ ಮಾಡಿತು. ಆ ಸಮಿತಿ ನಾರ್ವಿಚ್ ನಾರ್ತ್‌ನ ಇಯಾನ್ ಗಿಬ್ಸನ್ ಅವರಿಗೆ ಮುಂದೆ ಟಿಕೆಟ್ ಇಲ್ಲ ಎಂದಿತು. ಗಿಬ್ಸನ್ ವಿಜ್ಞಾನಿ, ತಮ್ಮದೇ ಸರ್ಕಾರ ವಿಶ್ವವಿದ್ಯಾಲಯಗಳ ಶುಲ್ಕ ಏರಿಸಿದಾಗ ತಿರುಗಿ ನಿಂತವರು. ತಪ್ಪೂ ಮಾಡಿದ್ದರು: ಭತ್ಯೆಯಲ್ಲಿ ಬಡ್ಡಿ ಕಟ್ಟಿದ ಫ್ಲ್ಯಾಟಿನಲ್ಲಿ ಮಗಳನ್ನು ಬಾಡಿಗೆಯಿಲ್ಲದೆ ಇರಿಸಿ, ಆಮೇಲೆ ಕಡಿಮೆ ಬೆಲೆಗೆ ಅವಳಿಗೇ ಮಾರಿದರು. ಆದರೆ ಸಚಿವೆ ಹೇಜಲ್ ಬ್ಲಿಯರ್ಸ್ ಮನೆ ಮಾರಿದ ಲಾಭಕ್ಕೆ ಕಟ್ಟದೇ ಬಿಟ್ಟಿದ್ದ ತೆರಿಗೆಯೆಂದು 13,332 ಪೌಂಡಿನ ಚೆಕ್ಕನ್ನು ಟೀವಿ ಕ್ಯಾಮರಾದ ಮುಂದೆ ಹಿಡಿದು ತೋರಿಸಿದರು. ಆಕೆಯ ನಡತೆ ಒಪ್ಪತಕ್ಕದ್ದಲ್ಲವೆಂದು ಪ್ರಧಾನಿಯೇ ಹೇಳಿದರೂ ಟಿಕೆಟ್ ತಪ್ಪಲಿಲ್ಲ. 2010ರಲ್ಲಿ ಮತ್ತೆ ಗೆದ್ದು ಬಂದರು. ಸಮಿತಿ ತಡೆದವರಲ್ಲಿ ಎಲಿಯಟ್ ಮೋರ್ಲಿಯಂಥ ಮಾಜಿ ಸಚಿವರೂ ಇದ್ದರು. ಆದ್ದರಿಂದ ಬಂಡಾಯಗಾರರನ್ನೇ ಹುಡುಕಿ ಹೊಡೆದರು ಎಂದರೆ ಅತಿಯಾದೀತು. ಆದರೂ ಗಿಬ್ಸನ್ ಮತ್ತು ಬ್ಲಿಯರ್ಸ್ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಕ್ಕಡಿ ಒಂದೇ ಎನ್ನಲು ಮನಸ್ಸು ಒಪ್ಪುವುದಿಲ್ಲ. ಗಿಬ್ಸನ್ ಕುರ್ಚಿಯನ್ನೇ ಬಿಟ್ಟರು. ಜುಲೈ 23ರ ಉಪಚುನಾವಣೆಯಲ್ಲಿ ಕ್ಷೇತ್ರ ಕನ್ಸರ್ವೇಟಿವರ ಪಾಲಾಯಿತು.

ಕೋರ್ಟು ಮೆಟ್ಟಿಲೇರಿದವರ ಕತೆ ಬೇರೆ. ಮೋರ್ಲಿ, ಡೇವಿಡ್ ಚೇಟರ್, ಜಿಮ್ ಡಿವೈನ್ ಮೂವರೂ 1689ರ ಹಕ್ಕುಗಳ ಮಸೂದೆಯನ್ನು ಹಿಡಿದು, ಸಂಸದರನ್ನು ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದು ವಾದಿಸಿದರು. ರಾಜನ ಕೈಯಿಂದ ವಾಕ್ ಸ್ವಾತಂತ್ರ್ಯವನ್ನು ಕಾಪಾಡಲು ಹುಟ್ಟಿದ ದಾಖಲೆಯನ್ನು ಸುಳ್ಳು ಬಿಲ್ಲಿಗೆ ಕೊಡೆ ಹಿಡಿದದ್ದು! 2010ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮೂವರೂ 2011ರಲ್ಲಿ ಜೈಲಿಗೆ ಹೋದರು. ಉಳಿದವರಿಗಾಗಿ ಸರ್ ಥಾಮಸ್ ಲೆಗ್ ನಡೆಸಿದ ಲೆಕ್ಕ ಪರಿಶೋಧನೆಗೆ ಖರ್ಚಾದದ್ದು ಸುಮಾರು 11.6 ಲಕ್ಷ ಪೌಂಡು. ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಅದು ವಾಪಸು ಕೊಡಿಸಿದ್ದು ಸುಮಾರು 11.2 ಲಕ್ಷ.

ಈ ಪಟ್ಟಿಯಲ್ಲಿ ನಮ್ಮವರ ಹೆಸರೂ ಇತ್ತು. ಬ್ರಿಟನ್ನಿನ ಮೊದಲ ಮುಸ್ಲಿಂ ಸಚಿವರಾದ ಡ್ಯೂಸ್‌ಬರಿಯ ಶಾಹಿದ್ ಮಲಿಕ್ ಹುದ್ದೆಯಿಂದ ಕೆಳಗಿಳಿದು, ತನಿಖೆಯಲ್ಲಿ ಸಚಿವರ ಸಂಹಿತೆ ಮುರಿದಿಲ್ಲವೆಂದಾದ ಮೇಲೆ ಜೂನ್‌ನಲ್ಲಿ ಸರ್ಕಾರಕ್ಕೆ ಮರಳಿದರು, 2010ರಲ್ಲಿ ಸೋತರು. ಮೇಲ್ಮನೆಯ ಮೊದಲ ಮುಸ್ಲಿಂ ಮಹಿಳೆ ಪೋಲಾ ಉದ್ದೀನ್ ಅವರದು ಹೆಚ್ಚು ನೋವಿನ ಸಂಗತಿ. ಲಂಡನ್ನಿನಲ್ಲಿ ವಾಸವಿದ್ದೂ ದೂರದ ಫ್ಲ್ಯಾಟೊಂದನ್ನು ಮುಖ್ಯ ಮನೆಯೆಂದು ತೋರಿಸಿದ್ದಕ್ಕೆ 1,25,349 ಪೌಂಡು ಹಿಂದಿರುಗಿಸಬೇಕೆಂದು ಸದನ ಹೇಳಿತು. 2010ರ ಅಕ್ಟೋಬರಿನಲ್ಲಿ ಅಮಾನತು ಮಾಡಿತು. ಅವರೊಡನೆ ಅಮಾನತಾದ ಇನ್ನಿಬ್ಬರು ಲಾರ್ಡ್ ಪಾಲ್ ಮತ್ತು ಲಾರ್ಡ್ ಭಾಟಿಯಾ. ಮೂವರೂ ಏಷ್ಯಾ ಮೂಲದವರು. ಆಗ ಬಣ್ಣದ ಪ್ರಶ್ನೆ ಎದ್ದಿತು. ಏಳಲೇಬೇಕಾಗಿತ್ತು. ಬೇರೆ ಬಣ್ಣದವರ ಮೇಲೂ ಅಷ್ಟೇ ಕಣ್ಣಿಟ್ಟು ನೋಡಲಾಯಿತೇ ಎಂದು ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆಯನ್ನೇ ಉತ್ತರವನ್ನಾಗಿ ಮಾಡಿಕೊಂಡು, ನಮ್ಮವರೆಂಬ ಕಾರಣಕ್ಕೆ ಲೆಕ್ಕ ಕೇಳಬಾರದು ಎನ್ನುವುದು ಪಕ್ಷನಿಷ್ಠೆಗಿಂತ ಯಾವ ರೀತಿಯಲ್ಲೂ ಮೇಲಲ್ಲ. ಅದೂ ಒಂದು ವಿಪ್ಪೇ. ಚಾಟಿ ಬೀಸುವವರು ಮಾತ್ರ ಬೇರೆ.

ಈ ಚರ್ಚೆ ನಡೆಯುತ್ತಿದ್ದ ಹೊತ್ತಿಗೇ, 2009ರ ಜೂನ್ 4ರಂದು, ಯುರೋಪಿನ ಪಾರ್ಲಿಮೆಂಟಿಗೆ ಚುನಾವಣೆ ನಡೆಯಿತು. ವಲಸಿಗರ ಮೇಲೆ, ಅದರಲ್ಲೂ ಮುಸ್ಲಿಮರ ಮೇಲೆ ವಿಷ ಕಾರುತ್ತಿದ್ದ ಬಿಎನ್‌ಪಿ ಮೊದಲ ಬಾರಿಗೆ ಎರಡು ಸ್ಥಾನ ಗೆದ್ದಿತು. ಒಂದು ವಾಯವ್ಯ ಇಂಗ್ಲೆಂಡಿನಲ್ಲಿ, ಇನ್ನೊಂದು ಯಾರ್ಕ್‌ಷೈರ್ ಪ್ರಾಂತದಲ್ಲಿ. ಡ್ಯೂಸ್‌ಬರಿ, ಬ್ರ್ಯಾಡ್‌ಫರ್ಡ್ ಇರುವುದು ಅಲ್ಲೇ. ಜನ ಜನಾಂಗದ್ವೇಷಿಗಳಾಗಿಬಿಟ್ಟರು ಎಂದು ಕೆಲವರು ಬರೆದರು. ಆದರೆ ಮತಗಳ ಎಣಿಕೆ ಬೇರೆಯೇ ಹೇಳುತ್ತದೆ. ಆ ಎರಡೂ ಪ್ರಾಂತಗಳಲ್ಲಿ ಬಿಎನ್‌ಪಿಗೆ ಬಿದ್ದ ಮತಗಳು 2004ಕ್ಕಿಂತ ಕಡಿಮೆ. ಅವರು ಬೆಳೆದದ್ದರಿಂದ ಗೆಲ್ಲಲಿಲ್ಲ. ಲೇಬರ್ ಕುಸಿದದ್ದರಿಂದ ಗೆದ್ದರು. ಅಪ್ಪನ ಕಾಲದಿಂದ ಲೇಬರ್‌ಗೆ ಮತ ಹಾಕುತ್ತಿದ್ದ ಎಷ್ಟೋ ಮಂದಿ ಅಂದು ಮನೆಯಲ್ಲೇ ಉಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಅದರ ಬೆಲೆ ತೆತ್ತವರು ಮಾತ್ರ ಯಾವ ಭತ್ಯೆಯನ್ನೂ ಕಾಣದ ಬೀದಿಗಳವರು. ಪಕ್ಷನಿಷ್ಠೆಯನ್ನು ಬರಿದೇ ಗುಲಾಮಗಿರಿ ಎಂದು ಜರೆದ ಅಂಕಣಕಾರರು ಈ ಲೆಕ್ಕವನ್ನು ನೋಡಿದಂತೆ ಕಾಣುವುದಿಲ್ಲ. ನಾಯಕನ ಮುಂದೆ ಬಾಯಿ ಮುಚ್ಚುವ ಸಂಸದನ ನಿಷ್ಠೆಯೂ, ಗಿರಣಿ ಊರಿನ ಮುದುಕ ಮಳೆಯಲ್ಲಿ ನಡೆದುಬಂದು ಮತ ಹಾಕುವ ನಿಷ್ಠೆಯೂ ಒಂದೇ ಅಲ್ಲ. ಮೊದಲನೆಯದು ಎರಡನೆಯದನ್ನು ತಿಂದುಹಾಕಿತು.

2010ರಲ್ಲಿ 149 ಸಂಸದರು ಮತ್ತೆ ಸ್ಪರ್ಧಿಸಲಿಲ್ಲ. ಖರ್ಚು ನೋಡಿಕೊಳ್ಳಲು ಸ್ವತಂತ್ರ ಪ್ರಾಧಿಕಾರ ಬಂತು, ರಸೀದಿಗಳು ಸಾರ್ವಜನಿಕವಾದವು. ಭತ್ಯೆ ಬಿಗಿಯಾದ ಮೇಲೆ ಮಾತು ಉಡುಗೊರೆಗಳ ಕಡೆಗೆ ಹೊರಳಿತು. 2024ರಲ್ಲಿ ಪ್ರಧಾನಿಯಾದ ಕೀರ್ ಸ್ಟಾರ್ಮರ್ ಲೇಬರ್ ದಾನಿ ಲಾರ್ಡ್ ಅಲಿ ಅವರಿಂದ ಬಟ್ಟೆ, ಕನ್ನಡಕ ಪಡೆದದ್ದು ಸೆಪ್ಟೆಂಬರಿನಲ್ಲಿ ದೊಡ್ಡ ಸುದ್ದಿಯಾಯಿತು. ಮತ್ತೆ ಅದೇ ನಗೆ, ಅದೇ ವ್ಯಂಗ್ಯಚಿತ್ರ. ಈ ಸಲ ಬಾತುಕೋಳಿ ಮನೆಯ ಜಾಗದಲ್ಲಿ ಕನ್ನಡಕ.

ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ 23ರಂದು, ಏಳು ಲೇಬರ್ ಸಂಸದರು ಬಡ ಕುಟುಂಬಗಳ ಸಹಾಯಧನವನ್ನು ಎರಡು ಮಕ್ಕಳಿಗೆ ಮಿತಗೊಳಿಸುವ ನಿಯಮ ಹೋಗಲಿ ಎಂದು ಮತ ಹಾಕಿ ವಿಪ್ ಮೀರಿದ್ದರು. ಜಾರಾ ಸುಲ್ತಾನಾ, ಅಪ್ಸಾನಾ ಬೇಗಂ, ಇಮ್ರಾನ್ ಹುಸೇನ್ ಅವರಲ್ಲಿದ್ದರು. ಏಳೂ ಜನರನ್ನು ಆರು ತಿಂಗಳು ಪಕ್ಷದ ಸಂಸದೀಯ ಗುಂಪಿನಿಂದ ಹೊರಗಿಡಲಾಯಿತು. ಕನ್ನಡಕಕ್ಕೆ ಸಿಕ್ಕ ಪುಟಗಳಲ್ಲಿ ಇದಕ್ಕೆ ಕಾಲುಭಾಗವಾದರೂ ಸಿಗಬೇಕಾಗಿತ್ತು. 2025ರ ನವೆಂಬರಿನ ಬಜೆಟ್ಟಿನಲ್ಲಿ ಅದೇ ಸರ್ಕಾರ ಆ ಮಿತಿಯನ್ನು ತೆಗೆದುಹಾಕುವುದಾಗಿ ಘೋಷಿಸಿತು. ಅಷ್ಟರಲ್ಲಿ ಜಾರಾ ಸುಲ್ತಾನಾ ಪಕ್ಷವನ್ನೇ ಬಿಟ್ಟಿದ್ದರು.