ಮುಂಗಡ ಕೊಟ್ಟವನಿಗೊಂದು ಚೀಟಿ

ಮಾದರಿ ರೈಲು ಮಾರುವ ಸಣ್ಣ ಪೂರೈಕೆದಾರರ ಬಗ್ಗೆ ಗಿರಾಕಿಗಳು ಹೇಳುವ ದೂರುಗಳಲ್ಲಿ ಅರ್ಧದಷ್ಟನ್ನು ನಾನು ಒಪ್ಪುವುದಿಲ್ಲ. ತಡವಾಯಿತು, ತುಟ್ಟಿಯಾಯಿತು, ಕೇಳಿದ ಬಣ್ಣ ಸಿಗಲಿಲ್ಲ ಎನ್ನುವವರಿಗೆ ಆ ಕೆಲಸ ಹೇಗೆ ನಡೆಯುತ್ತದೆಂಬ ಅಂದಾಜು ಇರುವುದಿಲ್ಲ. ಉಳಿದರ್ಧ ದುಡ್ಡಿನ ದೂರು, ಅದು ಗಂಭೀರವಾದದ್ದು. ಪೂರ್ತಿ ಹಣ ಮೊದಲೇ ಇಸಿದುಕೊಂಡು, ಆಮೇಲೆ ಆ ಹಣ ಏನಾಯಿತು, ಕೆಲಸ ಎಲ್ಲಿಗೆ ಬಂತು ಎಂಬುದನ್ನು ತಿಳಿಸದಿರುವ ಪದ್ಧತಿ ಈ ಹವ್ಯಾಸದಲ್ಲಿ ಬೇರೂರಿಬಿಟ್ಟಿದೆ. ಗಿರಾಕಿಗಳೇ ಅದನ್ನು ಸಹಜವೆಂದು ನುಂಗಿಕೊಂಡಿದ್ದಾರೆ. ನುಂಗಿಕೊಳ್ಳಬಾರದು ಎಂಬುದು ನನ್ನ ವಾದ.

ನಮ್ಮ ಹುಕ್ಕೇರಿ ಊರಿಗೆ ರೈಲು ನಿಲ್ದಾಣವಿಲ್ಲ. ಲೋಂಡಾ–ಮಿರಜ ಮಾರ್ಗ ನಮ್ಮ ತಾಲ್ಲೂಕಿನ ಪಾಶ್ಚಾಪುರವನ್ನು ಮುಟ್ಟಿ, ಗೋಕಾಕ ರೋಡ್, ಘಟಪ್ರಭಾ ದಾಟಿ ರಾಯಬಾಗದ ಕಡೆ ಹೋಗುತ್ತದೆ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಾಕಿದ ಮೀಟರ್ ಗೇಜ್ ಹಳಿ ಅದು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಇಂದು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಓಡುವ ದಾರಿಯಲ್ಲಿ ಆಗ ಹೊಗೆಯುಗುಳುತ್ತ ಓಡಿದ ಗಾಡಿಗಳನ್ನು ಕಂಡವರು ಈ ಭಾಗದಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೆಲವರು ಪುಣೆಗೆ ಹೋದಾಗ, ಕೋಥರೂಡಿನಲ್ಲಿ 1998ರಲ್ಲಿ ಶುರುವಾದ ಜೋಶಿಯವರ ಕಿರು ರೈಲು ವಸ್ತುಸಂಗ್ರಹಾಲಯವನ್ನು ನೋಡಿ ಬಂದು, ಮನೆಯ ಮಾಳಿಗೆಯ ಮೇಲೆ ಒಂದು ಹಲಗೆ ಜೋಡಿಸಿ ಹಳಿ ಹಾಕಲು ಕೂತವರು. ನಾನೂ ಅವರಲ್ಲೊಬ್ಬ. ನನ್ನ ಹಲಗೆಯ ಮೇಲಿರುವುದು ಮೀಟರ್ ಗೇಜ್ ಕಾಲದ ಪಾಶ್ಚಾಪುರ.

ಇಂಥ ಕೆಲಸಕ್ಕೆ ಕೈಹಾಕಿದವನು ಸಣ್ಣ ಪೂರೈಕೆದಾರನ ಕೈಗೆ ಏಕೆ ಸಿಗುತ್ತಾನೆಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು. ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆ ಎಚ್‌ಒ. ಅಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ಯುರೋಪು, ಅಮೆರಿಕದ ಬಹುಪಾಲು ಹಳಿಗಳ ಅಗಲ 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 16.5 ಮಿಲಿಮೀಟರ್ ಬರುತ್ತದೆ. ದೊಡ್ಡ ಕಂಪನಿಗಳೆಲ್ಲ ಹಳಿ, ಗಾಲಿ, ಮೋಟಾರು ಮಾಡುವುದು ಈ ಅಳತೆಗೆ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. ಲೆಕ್ಕದ ಪ್ರಕಾರ ಅದಕ್ಕೆ 19ಕ್ಕಿಂತ ತುಸು ಹೆಚ್ಚು ಅಗಲದ ಹಳಿ ಬೇಕು, ಆದರೆ ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲವಾಗಿ ಭಾರತದ ಮಾದರಿಗಳೂ 16.5ರ ಮೇಲೆಯೇ ಓಡುತ್ತವೆ. ಮೀಟರ್ ಗೇಜಿಗೆ ಬೇಕಾದದ್ದು 12 ಮಿಲಿಮೀಟರ್ ಹಳಿ. ಸ್ವಿಟ್ಜರ್ಲೆಂಡಿನಲ್ಲಿ ಮೀಟರ್ ಗೇಜ್ ಮಾರ್ಗಗಳು ಇರುವುದರಿಂದ ಅಲ್ಲಿಯ ಗಾಡಿಗಳ ಸಲುವಾಗಿ ಆ ಹಳಿಯೇನೋ ತಯಾರಾಗುತ್ತದೆ. ಆದರೆ ಅದರ ಮೇಲೆ ನಮ್ಮ ವೈಪಿ ಉಗಿ ಎಂಜಿನ್ನನ್ನು ಯಾರು ಮಾಡಿಕೊಡಬೇಕು? ಟೆಲ್ಕೊದಲ್ಲಿ 1970ರ ತನಕ ತಯಾರಾಗಿ ದೇಶದ ಮೀಟರ್ ಗೇಜ್ ಪ್ರಯಾಣಿಕರ ಗಾಡಿಗಳನ್ನು ಎಳೆದ ಎಂಜಿನ್ ಅದು. ಪ್ಲಾಸ್ಟಿಕ್ ಎರಕಕ್ಕೆ ಉಕ್ಕಿನ ಅಚ್ಚು ಕೊರೆಸುವ ಖರ್ಚು ಹುಟ್ಟಬೇಕಾದರೆ ಸಾವಿರಗಟ್ಟಲೆ ಮಾಲು ಮಾರಬೇಕು. ವೈಪಿ ಕೊಳ್ಳುವವರು ದೇಶದಲ್ಲೆಲ್ಲ ಹುಡುಕಿದರೂ ಅಷ್ಟು ಸಿಗುವುದಿಲ್ಲ. ಹಾಗಾಗಿ ಒಬ್ಬನೋ ಇಬ್ಬರೋ ಕೂತು ಹಿತ್ತಾಳೆ ತಗಡನ್ನು ಆಮ್ಲದಲ್ಲಿ ಕೊರೆದು, ಗುಮ್ಮಟ, ಚಿಮಣಿಗಳನ್ನು ತ್ರೀಡಿ ಮುದ್ರಣದಲ್ಲಿ ತೆಗೆದು, ಮೋಟಾರನ್ನು ಇನ್ನೆಲ್ಲಿಂದಲೋ ತರಿಸಿ ಕಿಟ್ ಕಟ್ಟುತ್ತಾರೆ. ಅಂಥವರಿಲ್ಲದೆ ಈ ಹವ್ಯಾಸ ನಮ್ಮ ಕಡೆ ಬದುಕಲಾರದು. ಅವರ ಮೇಲೆ ನನಗಿರುವ ಗೌರವ ಬಾಯಿಮಾತಿನದಲ್ಲ.

ಆ ಗೌರವ ಇರುವುದರಿಂದಲೇ ತಡವಾದರೆ ನಾನು ಸಿಟ್ಟಾಗುವುದಿಲ್ಲ. ಕೊರೆದ ತಗಡು ಒಂದು ಕೂದಲೆಳೆಯಷ್ಟು ತಪ್ಪಿದರೂ ಇಡೀ ಬ್ಯಾಚೇ ಹಾಳು. ಮೋಟಾರು ಹೊರದೇಶದಿಂದ ಬರಬೇಕು. ಸುಂಕದ ಪಟ್ಟಿಯಲ್ಲಿ ಅಳತೆಯ ಮಾದರಿಗಳೂ ಮಕ್ಕಳ ಆಟಿಕೆಗಳೂ ಒಂದೇ ಶೀರ್ಷಿಕೆಯಡಿ, 9503ರಲ್ಲಿ ಬರುತ್ತವೆ. ಆಟಿಕೆಗಳ ಆಮದು ಸುಂಕವನ್ನು 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದರು. ದೇಶದ ಆಟಿಕೆ ಕಾರ್ಖಾನೆಗಳನ್ನು ಉಳಿಸಲು ತಂದ ಏರಿಕೆ, ಹೊರಗಿನಿಂದ ಎಂಜಿನ್ನೋ ಬೋಗಿಯೋ ತರಿಸುತ್ತಿದ್ದ ಹವ್ಯಾಸಿಯ ಮೇಲೂ ಬಿತ್ತು. ಅವನಿಗೆ ದೇಶದೊಳಗಿನ ಸಣ್ಣ ತಯಾರಕನೇ ಗತಿಯಾದ. ಇನ್ನು ತಡ ಎಂಬುದು ಸಣ್ಣವರಿಗೇ ಅಂಟಿದ ರೋಗವೂ ಅಲ್ಲ. ಬ್ರಿಟನ್ನಿನ ಹಾರ್ನ್‌ಬಿಯಂಥ ಹಳೆಯ ಕಂಪನಿಗೇ 2012ರ ಸುಮಾರಿಗೆ ಚೀನಾದ ಕಾರ್ಖಾನೆಯಿಂದ ಮಾಲು ಹೊತ್ತಿಗೆ ಬಾರದೆ ಲಾಭ ಕುಸಿಯಿತು. ಆ ಸಂಗತಿಯನ್ನು ಅದು ತನ್ನ ಷೇರುದಾರರಿಗೆ ಬಹಿರಂಗವಾಗಿ ತಿಳಿಸಿತು. ಅವರ ದುಡ್ಡು ಅಲ್ಲಿತ್ತು, ತಿಳಿಸಲೇಬೇಕಿತ್ತು.

ವೈಪಿ ಕಿಟ್ಟಿಗೆ ಪೂರ್ತಿ ಹಣ ಮೊದಲೇ ಕೊಟ್ಟವನ ದುಡ್ಡೂ ಆ ಕೆಲಸದೊಳಗೇ ಇರುತ್ತದೆ. ತಗಡು ಕೊಳ್ಳುವುದು ಆ ಹಣದಿಂದ, ಮೋಟಾರು ತರಿಸುವುದು ಆ ಹಣದಿಂದ. ಬ್ಯಾಂಕು ಕೊಡದ ಬಂಡವಾಳವನ್ನು ಗಿರಾಕಿ ಬಡ್ಡಿಯಿಲ್ಲದೆ ಕೊಟ್ಟಿದ್ದಾನೆ. ಎಷ್ಟೋ ಕಡೆ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹೋದ ವರ್ಷದ ಬಾಕಿ ಆರ್ಡರುಗಳನ್ನು ಮುಗಿಸಲು ಈ ವರ್ಷದ ಗಿರಾಕಿಗಳ ಹಣ, ಈ ವರ್ಷದ್ದಕ್ಕೆ ಮುಂದಿನವರ ಹಣ. ಹೊಸ ಎಂಜಿನ್ನಿನ ಬುಕಿಂಗ್ ತೆರೆದಿದೆ ಎಂಬ ಚಿತ್ರ ಬಂದಾಗ ಹಳೆಯ ಗಿರಾಕಿಯ ಎದೆ ಧಸಕ್ಕೆನ್ನುವುದು ಇದೇ ಕಾರಣಕ್ಕೆ. ತನ್ನದಿನ್ನೂ ಬಂದಿಲ್ಲ, ಆಗಲೇ ಇನ್ನೊಂದಕ್ಕೆ ದುಡ್ಡು ಎತ್ತುತ್ತಿದ್ದಾರೆ!

ನನಗೆ ಬಂದ ಒಂದು ಪಾರ್ಸೆಲ್ಲಿನ ಮಾತು ಹೇಳುತ್ತೇನೆ. ದೂರದ ನಗರದ ಪೂರೈಕೆದಾರ, ಹೆಸರು ಬೇಡ. ಹಣ ಕೊಟ್ಟು ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿತ್ತು. ನಡುವೆ ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ, ಮುಂದಿನ ವಾರ. ಕೊನೆಗೆ ಡಬ್ಬಿ ಬಂತು. ಬಿಚ್ಚಿದಾಗ ಮೊದಲು ಕಂಡದ್ದು ಹಿತ್ತಾಳೆ ತಗಡು, ಮತ್ತು ಅದು ಕಣ್ತುಂಬುವ ಹಾಗಿತ್ತು. ಬಾಯ್ಲರಿನ ಪಟ್ಟಿಗಳು, ನೀರಿನ ಟ್ಯಾಂಕಿನ ಅಂಚಿಗೆ ಸಾಲುಗಟ್ಟಿದ ರಿವೆಟ್ಟುಗಳು, ಚಾಲಕನ ಕೋಣೆಯ ಕಿಟಕಿಯ ಮೇಲಿನ ಸಣ್ಣ ಚಾವಣಿ, ಎಲ್ಲವೂ ಬಲ್ಲವರ ಕೈಯಿಂದ ಬಂದ ಕೆಲಸ. ಗಾಲಿಗಳ ಪೊಟ್ಟಣ ಒಡೆದು ಹಳಿಯ ಮೇಲಿಟ್ಟೆ. ನಿಲ್ಲಲಿಲ್ಲ. ಅಳೆದರೆ ಅವು 16.5ರ ಗಾಲಿಗಳು, ನನ್ನ ಹಳಿ 12. ನಾಲ್ಕೂವರೆ ಮಿಲಿಮೀಟರ್ ವ್ಯತ್ಯಾಸ. ಫೋಟೊ ತೆಗೆದು ಕಳಿಸಿದೆ. ನೋಡಿದ ಗುರುತಾಗಿ ಎರಡು ನೀಲಿ ಗೀಟು ಬಿದ್ದವು, ಉತ್ತರ ಬರಲಿಲ್ಲ. ಅಷ್ಟು ಚೆಂದದ ತಗಡು ಕೊರೆಯಬಲ್ಲವನಿಗೆ ‘ಗಾಲಿ ತಪ್ಪಿವೆ, ಬದಲಿ ಬರಲು ಮೂರು ತಿಂಗಳು ಬೇಕು’ ಎಂದು ಒಂದು ಸಾಲು ಬರೆಯುವುದು ಭಾರವೇ? ಮೂರಲ್ಲ, ಆರು ತಿಂಗಳೆಂದಿದ್ದರೂ ನಾನು ಕಾಯುತ್ತಿದ್ದೆ.

ಕುಶಲಕರ್ಮಿಗಳೆಲ್ಲ ಹೀಗೇ, ಲೆಕ್ಕಪತ್ರ ಅವರಿಗೆ ಒಗ್ಗುವುದಿಲ್ಲ ಎಂಬ ಸಮಾಧಾನದ ಮಾತನ್ನು ಗೆಳೆಯರು ಹೇಳುತ್ತಾರೆ. ಹಾಗೆನ್ನುವವರು ಗೋಕಾಕಕ್ಕೆ ಹೋಗಿ ನೋಡಬೇಕು. ಅಲ್ಲಿಯ ಜೀನಗಾರ ಮನೆತನಗಳು ಹಗುರ ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಲೆ, ದೇವರ ಮೂರ್ತಿ ಮಾಡುತ್ತ ಬಂದಿವೆ. ಕಟ್ಟಿಗೆ ಕೆತ್ತಿ, ಅದರ ಮೇಲೆ ಕಲ್ಲಿನ ಪುಡಿ ಬೆರೆಸಿದ ಅಂಟಿನ ಲೇಪ ಕೊಟ್ಟು, ಒಣಗಿಸಿ, ತಿಕ್ಕಿ, ಮತ್ತೆ ಲೇಪಿಸಿ, ಆಮೇಲೆ ಬಣ್ಣ. ಸೀತಾಫಲದ ಮೈಯನ್ನೂ ಹಾಗಲಕಾಯಿಯ ಗಂಟನ್ನೂ ನಿಜದ ಗಾತ್ರದಲ್ಲೇ ತೋರಿಸುವ ಆ ಕೆಲಸವೂ ಮಾದರಿ ತಯಾರಿಕೆಯೇ. ಮಳೆ ಹಿಡಿದರೆ ಅಲ್ಲೂ ಲೇಪ ಒಣಗುವುದಿಲ್ಲ, ಅಲ್ಲೂ ತಡವಾಗುತ್ತದೆ. ಆದರೆ ಗಿರಾಕಿ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ‘ಇನ್ನs ಹಸಿ ಐತ್ರಿ, ಅಮಾಸಿ ಮುಗದ ಮ್ಯಾಲ ಬರ್ರಿ’ ಎಂದರೆ ಮಾತು ಮುಗಿಯಿತು. ಅರ್ಧ ಬಣ್ಣವಾದ ಮಾವಿನಹಣ್ಣು ಗೂಡಿನಲ್ಲಿ ಕಣ್ಣೆದುರೇ ಇರುತ್ತದೆ. ಅಲ್ಲಿ ಕಣ್ಣು ಮಾಡುವ ಕೆಲಸವನ್ನು ದೂರದ ವ್ಯಾಪಾರದಲ್ಲಿ ಬರಹ ಮಾಡಬೇಕು. ಕಣ್ಣಿಗೂ ಕಾಣದು, ಬರಹವೂ ಇಲ್ಲ ಎಂದರೆ ಗಿರಾಕಿ ಏನನ್ನು ನಂಬಿಕೊಂಡು ಕೂರಬೇಕು?

ದುಡ್ಡು ಒಬ್ಬರದು, ಮಾಲು ಇನ್ನೊಬ್ಬರ ಕೈಯಲ್ಲಿ ಎಂಬ ಸ್ಥಿತಿ ನಮ್ಮ ಭಾಗಕ್ಕೆ ಹೊಸದಲ್ಲ. ಕಬ್ಬು ಬೆಳೆಯುವ ತಾಲ್ಲೂಕುಗಳಿವು. ಕಬ್ಬು ಕಳಿಸಿದ 14 ದಿನಗಳೊಳಗೆ ಕಾರ್ಖಾನೆ ಬಿಲ್ಲಿನ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಆ ನಿಯಮ ಎಲ್ಲ ಕಾಲಕ್ಕೂ ಪಾಲನೆಯಾಗಿಲ್ಲ, ರೈತರು ಬಾಕಿಗಾಗಿ ರಸ್ತೆಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಆದರೂ ಬೀದಿಗಿಳಿದವನ ಕೈಯಲ್ಲಿ ಒಂದು ದಿನದ ಲೆಕ್ಕ ಇರುತ್ತದೆ: ಇಷ್ಟನೇ ದಿನದಿಂದ ನೀವು ಬಾಕಿದಾರರು. ಹುಕ್ಕೇರಿಯಲ್ಲಂತೂ 1969ರಿಂದ ವಿದ್ಯುತ್ತನ್ನೇ ಗ್ರಾಮೀಣ ಸಹಕಾರ ಸಂಘವೊಂದು ಹಂಚುತ್ತಿದೆ. ದೀಪ ಹಚ್ಚಿಕೊಳ್ಳುವವನೇ ಸದಸ್ಯ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಜಮಾಖರ್ಚು ಕೇಳಬಲ್ಲ. ಇಂಥ ನೆಲದಲ್ಲಿ ಬೆಳೆದವರು ಒಂದು ಎಂಜಿನ್ನಿಗೆ ಸಾವಿರಾರು ರೂಪಾಯಿ ಕೊಟ್ಟು, ಕೇಳುವ ಹಕ್ಕೇ ಇಲ್ಲದವರ ಹಾಗೆ ಸುಮ್ಮನಿರುವುದು ನನಗೆ ನೋವು ತರುತ್ತದೆ.

ಏಕೆ ಸುಮ್ಮನಿರುತ್ತಾರೆ? ಹೆದರಿಕೆಗೆ. ವೈಪಿ ಮಾಡುವವನು ಅವನೊಬ್ಬನೇ. ಜಗಳವಾಡಿದರೆ ಮುಂದಿನದು ಸಿಗಲಿಕ್ಕಿಲ್ಲ, ಎಲ್ಲರೂ ಹಣ ವಾಪಸ್ ಕೇಳಿದರೆ ಅವನು ಅಂಗಡಿಯನ್ನೇ ಮುಚ್ಚಿಯಾನು. ಈ ಹೆದರಿಕೆ ಸುಳ್ಳಲ್ಲ. ಆದರೆ ಅದರ ಫಲ ಅನುಭವಿಸುವವನು ಹೇಳಿದ ದಿನಕ್ಕೆ ಮಾಲು ಕೊಡುವ ಇನ್ನೊಬ್ಬ ಸಣ್ಣ ತಯಾರಕ. ಅಂಥವರು ಇದ್ದಾರೆ. ನಾನು ಬೋಗಿಗಳನ್ನು ಕೊಳ್ಳುವ ಒಬ್ಬರು ಕಾಲುಭಾಗ ಮಾತ್ರ ಮುಂಗಡ ಪಡೆಯುತ್ತಾರೆ, ಮೊದಲ ಮಾದರಿಯ ಫೋಟೊ ಕಳಿಸಿದ ಮೇಲೆ ಇನ್ನಷ್ಟು, ಕಟ್ಟಿ ಸಿದ್ಧವಾದಾಗ ಉಳಿದದ್ದು. ಕೈತುಂಬ ಕೆಲಸವಿದ್ದಾಗ ಹೊಸ ಆರ್ಡರನ್ನು ಹಿಡಿಯುವುದೇ ಇಲ್ಲ. ಅವರ ಆದಾಯ ಅದರಿಂದ ಕಡಿಮೆಯೇ. ಎಲ್ಲರಿಂದಲೂ ಪೂರ್ತಿ ಹಣ ಎತ್ತಿ ಸುಮ್ಮನಿರುವವನಿಗೂ ಇವರಿಗೂ ನಾವು ಒಂದೇ ಬಗೆಯ ಸಹನೆ ತೋರಿಸುತ್ತ ಹೋದರೆ, ಇವರಾದರೂ ಎಷ್ಟು ದಿನ ಹೀಗೆ ನಡೆದಾರು?

ಕಾನೂನು ಗಿರಾಕಿಯ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವನ ಊರಿಗೆ ಅಲೆಯಬೇಕಿಲ್ಲ. ಗಿರಾಕಿ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ನಮ್ಮವರು ಬೆಳಗಾವಿಯಲ್ಲೇ, ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಅಂತರ್ಜಾಲದಲ್ಲಿ ಕಾಯಂ ವ್ಯಾಪಾರ ಮಾಡುವವರು ದೂರು ತಲುಪಿದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದು 2020ರ ಇ–ಕಾಮರ್ಸ್ ನಿಯಮಗಳು ಹೇಳುತ್ತವೆ. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಸಹಾಯವಾಣಿಯವರು ಮೊದಲು ಮಾತುಕತೆಯಲ್ಲೇ ಮುಗಿಸಲು ನೋಡುತ್ತಾರೆ. ಆದರೆ ಹಿತ್ತಾಳೆ ಕೊರೆಯುವ ಒಬ್ಬಂಟಿ ಕೆಲಸಗಾರನನ್ನು ಆಯೋಗದ ಮುಂದೆ ನಿಲ್ಲಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಮೊದಲೇ ಒಂದು ಚೀಟಿ ಬರೆದುಕೊಟ್ಟಿದ್ದರೆ ಆ ಹಂತಕ್ಕೆ ಮಾತು ಹೋಗುವುದೇ ಇಲ್ಲ.

ಚೀಟಿಯಲ್ಲಿ ಏನಿರಬೇಕು ಎಂಬುದಕ್ಕೆ, ಈಚೆಗೆ ಸರಕು ವ್ಯಾಗನ್ನುಗಳಿಗೆ ಆರ್ಡರು ಕೊಡುವಾಗ ನಾನೇ ಬರೆದು ಕಳಿಸಿದ್ದನ್ನು ಹೇಳುತ್ತೇನೆ. ಹಳಿಯ ಅಗಲ 12 ಮಿಲಿಮೀಟರ್, ಗಾಲಿ ಸೇರಿ. ಈಗ ಮೂರನೇ ಒಂದು ಪಾಲು ಹಣ, ತಯಾರಾದ ಮೇಲೆ ಉಳಿದದ್ದು. ಹೇಳಿದ ತಿಂಗಳು ದಾಟುವುದಾದರೆ ದಾಟುವ ಮೊದಲೇ ತಿಳಿಸುವುದು, ಆಗ ಬೇಡವೆಂದರೆ ಮುಂಗಡ ವಾಪಸ್. ಸುಂಕವಾಗಲಿ ಸಾಗಣೆಯಾಗಲಿ ಏರಿದರೆ ಯಾರ ಮೇಲೆ ಬೀಳುತ್ತದೆಂಬುದು ಮೊದಲೇ ತೀರ್ಮಾನ. ತಯಾರಕರು ಮುಂಗಡದ ಷರತ್ತನ್ನು ಒಪ್ಪಲಿಲ್ಲ. ಹಿತ್ತಾಳೆಯ ಬೆಲೆ ಏರಿದೆ, ಅರ್ಧ ಹಣವಾದರೂ ಇಲ್ಲದೆ ತಗಡು ತರಿಸಲಾರೆ ಎಂದು ಬರೆದರು. ತಗಡಿನ ಬೆಲೆಯನ್ನೂ ಪತ್ರದಲ್ಲೇ ಕಾಣಿಸಿದ್ದರು. ಅರ್ಧ ಕಳಿಸಿದೆ.