ಸೀಳಿದ ಮೊರಕ್ಕೆ ಮೆಂತ್ಯದ ಮೈ

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ತೊಡೆಯ ಮೇಲೆ ವರ್ಷಗಟ್ಟಲೆ ಕೂತ ಮೊರದ ಅಂಚು ಸವೆಯುತ್ತದೆ, ನಡುವಿನ ಬಿದಿರು ಸೀಳುತ್ತದೆ. ಅಂಥದ್ದನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ತಿರುವಿ ನೋಡಿ. ಗೋಡೆಗೆ ತೂಗುಹಾಕಲು ಪೇಟೆಯ ಹೊಸ ಅಲಂಕಾರದ ಮೊರಗಳಿಗಿಂತ ಅದೇ ಚೆಂದ. ಕೈಯಾಡಿದ ಬಿದಿರಿಗೆ ಬರುವ ಹೊಂಬಣ್ಣ ಹೊಸದಕ್ಕೆಲ್ಲಿ? ಎರಡು ಮೂರು ದಿನ ಬಿಸಿಲಿಗಿಟ್ಟರೆ ತಂಬಾಕಿನ ಗಾಟು ಬಹುಮಟ್ಟಿಗೆ ಇಳಿಯುತ್ತದೆ.

ಇನ್ನು ರಿಪೇರಿ. ಉತ್ತರ ಕರ್ನಾಟಕದ ಅಜ್ಜಿಯರು ಬುಟ್ಟಿ, ಮೊರಗಳ ಸಂದಿಯಿಂದ ಹಿಟ್ಟು ಸೋರಬಾರದೆಂದು ರದ್ದಿ ಕಾಗದವನ್ನು ಮೆಂತ್ಯದೊಡನೆ ಅರೆದು ಬಳಿಯುತ್ತಿದ್ದರು. ಬೋರಲು ಹಾಕಿದ ಗಡಿಗೆಯ ಮೇಲೆ ಅದೇ ಮುದ್ದೆ ತಟ್ಟಿ ಇಡೀ ಕಾಗದದ ಬುಟ್ಟಿಯನ್ನೇ ಎಬ್ಬಿಸುತ್ತಿದ್ದರು. ಕನ್ನಡ, ಮರಾಠಿ ಎರಡೂ ಪತ್ರಿಕೆ ಓದುವ ಈ ಗಡಿ ಸೀಮೆಯಲ್ಲಿ ರದ್ದಿಗೇನು ಬರ? ಕಾಗದ ಚೂರು ಮಾಡಿ ಎರಡು ದಿನ ನೆನೆಹಾಕಿ, ನಡುವೆ ನೀರು ಬದಲಿಸಿ. ರಾತ್ರಿ ನೆನೆದ ಮೆಂತ್ಯವನ್ನು ಬೆಳಿಗ್ಗೆ ರುಬ್ಬಿದರೆ ಲೋಳೆ ಬಿಡುತ್ತದೆ, ಅಂಟು ಅದೇ. ಮೈದಾದಿಂದ ಕೆಲಸ ಬೇಗ ಆಗುತ್ತದೆ, ನಿಜ, ಆದರೆ ಅದಕ್ಕೆ ಹುಳ ಮುತ್ತುತ್ತದೆ. ಹಿರಿಯರು ನಂಬಿದ್ದು ಮೆಂತ್ಯದ ಕಹಿಯನ್ನು. ಮುದ್ದೆಯನ್ನು ಮೊರದ ಎರಡೂ ಬದಿಗೆ ತೆಳ್ಳಗೆ ಒತ್ತಬೇಕು. ಒಂದೇ ಬದಿಗೆ ಬಳಿದರೆ ಒಣಗುವಾಗ ಎಳೆದುಕೊಂಡು ಡೊಂಕಾಗುತ್ತದೆ. ಮೊದಲ ದಿನ ನೆರಳು, ಆಮೇಲೆ ಬಿಸಿಲು. ಆಷಾಢದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಬೂಷ್ಟು ಹಿಡಿಯುತ್ತದೆ. ಸಂಕ್ರಾಂತಿ ದಾಟಿದ ಮೇಲಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು.

ಒಣಗಿದ ಮೈಯನ್ನು ನುಣ್ಣನೆಯ ಕಲ್ಲಿನಿಂದ ತಿಕ್ಕಿ, ಗೋಂದು ಬೆರೆಸಿದ ಕೆಮ್ಮಣ್ಣು ಬಳಿಯಿರಿ. ಅದರ ಮೇಲೆ ಸುಣ್ಣದ ಎಳೆ. ಈ ಜೋಡಿಯನ್ನು ಮೀರಿಸುವ ಬಣ್ಣವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಅಕ್ರಿಲಿಕ್ ಇಷ್ಟಪಡುವವರು ಅದನ್ನೇ ಬಳಸಲಿ, ಆದರೆ ನೇಯ್ಗೆಯ ಏರಿಳಿತ ಮುಚ್ಚಿಹೋಗುವಷ್ಟು ದಪ್ಪಗೆ ಬೇಡ. ಸವೆದ ಅಂಚನ್ನಂತೂ ಹಾಗೇ ಬಿಡಿ. ದುಡಿದ ಗುರುತು ಅಳಿಸಿದರೆ ಹಳೆಯದನ್ನು ಆರಿಸಿಕೊಂಡು ಏನು ಬಂತು?

ತಗಡಿನ ಟ್ರಂಕಿನ ವಿಚಾರದಲ್ಲೂ ನನ್ನ ಹಟ ಇದೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಒಟ್ಟಿಗೆ ಉಕ್ಕಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತು. ಹಾಗೆ ನೀರಲ್ಲಿ ನಿಂತ ಟ್ರಂಕಿನ ಮೇಲೆ ತುಕ್ಕಿನ ಗೆರೆ ಮೂಡಿರುತ್ತದೆ. ಸಡಿಲ ತುಕ್ಕನ್ನು ಉಜ್ಜಿ ತೆಗೆದು, ಒಳಗೂ ತಳಕ್ಕೂ ರೆಡ್ ಆಕ್ಸೈಡ್ ಹೊಡೆದು, ಮುಚ್ಚಳಕ್ಕೆ ಮಾತ್ರ ಹೂಬಳ್ಳಿ ಬಿಡಿಸಿ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿದು ಉಳಿದ ಎಣ್ಣೆಬಣ್ಣವಿದ್ದರೆ ಅದೇ ಸಾಕು. ನೆರೆಯ ಗೆರೆಯ ಮೇಲೆ ಬಣ್ಣ ಬೇಡ. ಬಣ್ಣವಿಲ್ಲದ ಒಂದು ಪದರ ವಾರ್ನಿಷ್ ಎಳೆದರೆ ಗೆರೆಯೂ ಉಳಿಯುತ್ತದೆ, ತುಕ್ಕೂ ಕೈಗೆ ಹತ್ತುವುದಿಲ್ಲ. ಆ ಮನೆಯವರು ಏನನ್ನು ದಾಟಿ ಬಂದರೆಂಬುದಕ್ಕೆ ಅದಕ್ಕಿಂತ ದೊಡ್ಡ ಚಿತ್ರ ಬೇಕಿಲ್ಲ.

ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಟ್ರಂಕು, ತೊಟ್ಟಿಲುಗಳ ಬಣ್ಣವನ್ನು ಒಣಗಿದಂತೆಯೇ ಕೆರೆಯಬೇಡಿ. ಒದ್ದೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿ, ಮಕ್ಕಳನ್ನು ದೂರವಿಟ್ಟು ಉಜ್ಜಿ.

ಇಷ್ಟೆಲ್ಲ ಮಾಡಿದವರು ಒಮ್ಮೆ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕೆ ಹೋಗಿ ಬನ್ನಿ. ಅಲ್ಲಿನ ಕಲಾವಿದರು ಗೋಣಿಚೂರನ್ನು ಪುಡಿ ಮಾಡಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟದಿಂದ ದೇವರ ಮೂರ್ತಿಗಳಿಗೇ ಮೈ ಕೊಡುತ್ತಾರೆ. ರದ್ದಿ ವಸ್ತುವನ್ನು ಎಷ್ಟು ಗೌರವದಿಂದ ಮುಟ್ಟಬಹುದೆಂದು ಅಲ್ಲಿ ಕಾಣುತ್ತದೆ.

ಬಣ್ಣ ತಾಗಲೇಬಾರದ ಸಾಮಾನೂ ಇವೆ. ತಾಮ್ರದ ಹಂಡೆ, ಹಿತ್ತಾಳೆ ಕೊಡಗಳಿಗೆ ಅಕ್ರಿಲಿಕ್ ಬಳಿದು ಹೂಕುಂಡ ಮಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಲೋಹದ ಹೊಳಪೇ ಅವುಗಳ ಬಣ್ಣ. ಹುಣಸೆಹಣ್ಣು, ಬೂದಿ ಹಾಕಿ ಬೆಳಗಿ ಪಡಸಾಲೆಯ ಮೂಲೆಯಲ್ಲಿಡಿ. ನಗ್ಗು ಬಿದ್ದ ಬದಿಯನ್ನು ಗೋಡೆಗೆ ತಿರುಗಿಸುವುದೂ ಬೇಡ.