ಹನ್ನೆರಡರ ಕಾಗದ, ಅರವತ್ತಮೂರರ ಉತ್ತರ

1971ರ ಏಪ್ರಿಲ್ ತಿಂಗಳಲ್ಲಿ ಸ್ವೀಡನ್ನಿನ ಹನ್ನೆರಡು ವರ್ಷದ ಹುಡುಗಿ ಸಾರಾ, ಮಕ್ಕಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್‌ಗೆ ಒಂದು ಕಾಗದ ಬರೆದಳು. ಆ ಹೊತ್ತಿಗೆ ಲಿಂಡ್‌ಗ್ರೆನ್‌ಗೆ 63 ವರ್ಷ. ಆಕೆಯ 'ಪಿಪ್ಪಿ ಲಾಂಗ್‌ಸ್ಟಾಕಿಂಗ್' ಬಂದು ಕಾಲು ಶತಮಾನ ಕಳೆದಿತ್ತು. ಸ್ವೀಡನ್ನಿನ ಮನೆಮನೆಯಲ್ಲೂ ಆಕೆಯ ಪುಸ್ತಕಗಳಿದ್ದವು. ಸಾರಾಳ ಕಾಗದದಲ್ಲಿ ಅಳುಕು ಎಂಬುದೇ ಇರಲಿಲ್ಲ. ತನ್ನನ್ನು ಸುಖಿಯಾಗಿಸುವುದು ಲೇಖಕಿಯ ಕೈಯಲ್ಲೇ ಇದೆ ಎಂಬ ಧಾಟಿ. ನಿಮ್ಮ ಕಥೆಗಳ ಸಿನಿಮಾಗಳಲ್ಲಿ ನನಗೊಂದು ಪಾತ್ರ ಕೊಡಿಸಿ ಎಂಬ ಬೇಡಿಕೆ. ಜೊತೆಗೆ, ಆಗಲೇ ನಟಿಸಿದ್ದ ಮಕ್ಕಳ ಅಭಿನಯ ಎಷ್ಟು ಕಳಪೆ ಎಂಬ ಖಾರವಾದ ವಿಮರ್ಶೆ.

ಉತ್ತರ ಬಂತು. ಸಣ್ಣದು, ಬಿಗಿಯಾದದ್ದು, ಗದರುವಂಥದ್ದು. ಸಾರಾಳಿಗೆ ಎಷ್ಟು ನಾಚಿಕೆಯಾಯಿತೆಂದರೆ ಅದನ್ನು ಶೌಚಾಲಯಕ್ಕೆ ಹಾಕಿ ನೀರು ಬಿಟ್ಟಳು.

ಈ ಪತ್ರವ್ಯವಹಾರದಲ್ಲಿ ನನಗೆ ಮೊದಲು ರುಚಿಸುವುದು ಕೈಗೆ ಸಿಗದೆ ಹೋದ ಆ ಉತ್ತರವೇ. ಮಕ್ಕಳ ಲೇಖಕಿ ಎಂದರೆ ಬೆಲ್ಲದಂಥ ಮಾತಾಡಬೇಕು, ತಲೆ ಸವರಬೇಕು ಎಂಬ ನಿರೀಕ್ಷೆ ಎಲ್ಲ ನಾಡಿನಲ್ಲೂ ಇದೆ. 'ನಿನ್ನ ಕಾಗದ ಓದಿ ತುಂಬಾ ಖುಷಿಯಾಯಿತು, ಚೆನ್ನಾಗಿ ಓದು' ಎಂದು ಬರೆದು ಕಳಿಸಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆಕೆ ಹಾಗೆ ಮಾಡಲಿಲ್ಲ. ಹುಡುಗಿ ಇತರ ಮಕ್ಕಳನ್ನು ಹೀಗಳೆದದ್ದು ಸರಿ ಕಾಣಲಿಲ್ಲ, ಹಾಗಂತ ಹೇಳಿದಳು. ಒಬ್ಬರ ಮಾತನ್ನು ನಿಜವಾಗಿ ಓದಿದವರು ಮಾತ್ರ ಹಾಗೆ ಸಿಟ್ಟಾಗಬಲ್ಲರು. ಹುಡುಗಿಗೆ ಅವಮಾನವಾದದ್ದು ನಿಜ. ಆದರೆ ತನ್ನ ಮಾತಿಗೆ ತೂಕವಿದೆ, ಅದನ್ನು ಯಾರೋ ತೂಗಿ ನೋಡಿದ್ದಾರೆ ಎಂಬ ಅರಿವೂ ಆ ಅವಮಾನದೊಳಗೇ ಇದ್ದಿರಬೇಕು. ಯಾಕೆಂದರೆ ಅವಳು ಮತ್ತೆ ಬರೆದಳು.

ಈ ಸಲ ಸಿನಿಮಾದ ಸುದ್ದಿಯಿಲ್ಲ. ಮನೆಯಲ್ಲಿ ಒಗ್ಗದ್ದು, ಶಾಲೆಯಲ್ಲಿ ಹೊಂದದ್ದು, ಮಕ್ಕಳ ಮನೋಚಿಕಿತ್ಸೆಯ ಆಸ್ಪತ್ರೆಯಲ್ಲಿ ಇದ್ದು ಬಂದದ್ದು, ತಾನು ಯಾರಿಗೂ ಬೇಡದವಳು ಎಂಬ ಕೊರಗು. ಆಗ ಬಂದ ಉತ್ತರಗಳ ಸ್ವರವೇ ಬೇರೆ. ಅರವತ್ತು ದಾಟಿದ ಹೆಂಗಸು ತನ್ನ ಹದಿಹರೆಯದ ಸಂಕಟವನ್ನು ಹುಡುಗಿಯ ಮುಂದೆ ತೆರೆದಿಟ್ಟಳು. ಆ ವಯಸ್ಸಿನಲ್ಲಿ ತಾನೂ ಸುಖವಾಗಿರಲಿಲ್ಲ, ತನ್ನನ್ನು ತಾನು ಕುರೂಪಿ ಎಂದುಕೊಂಡಿದ್ದೆ ಎಂದಳು. ಇಬ್ಬರ ನಡುವೆ ಓಡಾಡಿದ ಕಾಗದಗಳು ಸುಮಾರು 80. ಲಿಂಡ್‌ಗ್ರೆನ್ ತೀರಿಕೊಂಡ ಹತ್ತು ವರ್ಷಕ್ಕೆ, 2012ರಲ್ಲಿ, ಅವು ಪುಸ್ತಕವಾದವು. ಶೀರ್ಷಿಕೆ: 'ನಿನ್ನ ಕಾಗದಗಳನ್ನು ಹಾಸಿಗೆಯಡಿ ಇಡುತ್ತೇನೆ'. ಈ ಮಾತನ್ನು ಹನ್ನೆರಡರ ಹುಡುಗಿಯೂ ಆಡಬಹುದು, ಅರವತ್ತಮೂರರ ಅಜ್ಜಿಯೂ ಆಡಬಹುದು. ಗುಟ್ಟನ್ನು ಗುಟ್ಟಾಗಿಯೇ ಕಾಯಬೇಕೆನ್ನುವ ಹಟದಲ್ಲಿ ಇಬ್ಬರೂ ಸಮಾನರು.

ಪುಸ್ತಕದಲ್ಲಿ ಸಾರಾಳ ಕಾಗದಗಳೂ ಇವೆ. ಅದು ದೊಡ್ಡ ಭಾಗ್ಯ. ದೊಡ್ಡವರ ಪತ್ರಸಂಪುಟಗಳಲ್ಲಿ ಸಾಮಾನ್ಯವಾಗಿ ಒಂದೇ ದಡ ಕಾಣುತ್ತದೆ. ಎದುರು ದಡದಲ್ಲಿ ಯಾರು ನಿಂತು ಏನು ಕೂಗಿದರೆಂದು ನಾವು ಊಹಿಸಿಕೊಳ್ಳಬೇಕು. ಇಲ್ಲಿ ಹುಡುಗಿ ಸಿಡುಕುವುದು, ಬೀಗುವುದು, ಕುಸಿಯುವುದು ಎಲ್ಲ ಅವಳದೇ ಅಕ್ಷರದಲ್ಲಿದೆ. ಹಾಗಾಗಿ ಉತ್ತರಗಳ ಕುಶಲತೆ ಇನ್ನಷ್ಟು ಎದ್ದು ಕಾಣುತ್ತದೆ. ಎಲ್ಲಿ ಕೇಳಿಸಿಕೊಂಡು ಸುಮ್ಮನಿರಬೇಕು, ಎಲ್ಲಿ ಎದುರಾಡಬೇಕು, ಎಲ್ಲಿ ತನ್ನ ಕಥೆ ಹೇಳಿ ಅವಳ ಭಾರ ಇಳಿಸಬೇಕು ಎಂಬ ಹದ ಪ್ರತಿ ಉತ್ತರದಲ್ಲೂ ಇದೆ. ಇಷ್ಟೆಲ್ಲ ಆಗಿಯೂ ಇಬ್ಬರೂ ಒಮ್ಮೆಯೂ ಮುಖಾಮುಖಿ ಭೇಟಿಯಾಗಲಿಲ್ಲ. ಭೇಟಿಯಾಗಿದ್ದರೆ ಬಹುಶಃ ಒಬ್ಬಳು ಪ್ರಸಿದ್ಧ ಲೇಖಕಿಯಾಗಿ, ಇನ್ನೊಬ್ಬಳು ಬೆದರಿದ ಅಭಿಮಾನಿಯಾಗಿ ಕುಳಿತುಬಿಡುತ್ತಿದ್ದರು. ಕಾಗದದಲ್ಲಿ ಆ ಕುರ್ಚಿಗಳೇ ಇರಲಿಲ್ಲ.

ಈ ಹದ ಎಲ್ಲಿಂದ ಬಂತು ಎಂದು ಹುಡುಕಿದರೆ ಲಿಂಡ್‌ಗ್ರೆನ್‌ಳ ಬಾಳಿನ ತುಂಬ ಕಾಗದಗಳೇ ಸಿಗುತ್ತವೆ. ಆಕೆ ಹುಟ್ಟಿದ್ದು 1907ರಲ್ಲಿ, ದಕ್ಷಿಣ ಸ್ವೀಡನ್ನಿನ ವಿಮ್ಮರ್‌ಬಿ ಊರಿನ ಪಕ್ಕದ ನೇಸ್ ಎಂಬ ಜಮೀನಿನ ಮನೆಯಲ್ಲಿ. ತಂದೆ ಸ್ಯಾಮುವೆಲ್ ಆಗಸ್ಟ್, ತಾಯಿ ಹಾನ್ನಾ. ಅವರ ಪ್ರೇಮದ ಕಥೆಯನ್ನು ಮಗಳು ಮುಂದೆ ಬರೆದಳು. 1975ರಲ್ಲಿ ಪುಸ್ತಕವಾಗಿ ಬಂದ ಅದರಲ್ಲಿ ಅಪ್ಪ ಅಮ್ಮ ಪರಸ್ಪರ ಬರೆದುಕೊಂಡ ಓಲೆಗಳೂ ಇವೆ. ರೈತನೊಬ್ಬ ತನ್ನ ಮನಸ್ಸನ್ನು ಕಾಗದದ ಮೇಲೆ ಹೇಗೆ ತಂದ ಎಂಬುದನ್ನು ಆಕೆ ಅದರಲ್ಲಿ ಎಂಥ ಪ್ರೀತಿಯಿಂದ ತೋರಿಸುತ್ತಾಳೆ!

ಇನ್ನೊಂದು ಕಥೆ ನೋವಿನದು. ಹದಿನೆಂಟರ ಆಸ್ಟ್ರಿಡ್ ಊರಿನ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ, ಮದುವೆಯಿಲ್ಲದೆ ಬಸುರಾದಳು. 1926ರಲ್ಲಿ ಊರು ಬಿಟ್ಟು ಸ್ಟಾಕ್‌ಹೋಮಿಗೆ ಬಂದು ಟೈಪಿಂಗ್, ಶೀಘ್ರಲಿಪಿ ಕಲಿತಳು. ಆ ವರ್ಷದ ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್ನಿನಲ್ಲಿ ಮಗ ಲಾಸ್ಸೆ ಹುಟ್ಟಿದ. ಮಗುವನ್ನು ಅಲ್ಲೇ ಸ್ಟೀವನ್ಸ್ ಎಂಬ ಸಾಕುತಾಯಿಯ ಬಳಿ ಬಿಟ್ಟು ಬರಬೇಕಾಯಿತು. ಮೂರು ವರ್ಷ ಹಾಗೇ ಕಳೆಯಿತು. ರೈಲಿನ ಖರ್ಚಿಗೆ ಕಾಸು ಕೂಡಿದಾಗ ಹೋಗಿ ನೋಡಿ ಬರುವುದು. ಉಳಿದ ದಿನಗಳಲ್ಲಿ ಮಗು ಹೇಗಿದೆ, ಏನು ಕಲಿತಿದೆ ಎಂದು ಸಾಕುತಾಯಿ ಬರೆಯುತ್ತಿದ್ದ ಕಾಗದಗಳೇ ಆಧಾರ. ಅಂಚೆಯವನ ಹೆಜ್ಜೆಗೆ ಕಿವಿಗೊಟ್ಟು ಕೂತವಳಿಗೆ ಒಂದು ಉತ್ತರದ ಬೆಲೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಪುಸ್ತಕಗಳಲ್ಲಿ ಒಂಟಿ ಮಕ್ಕಳು ಯಾಕೆ ಅಷ್ಟೊಂದು ಬರುತ್ತಾರೆ ಎಂದು ಕೇಳುವವರು ಲಾಸ್ಸೆಯ ಕಥೆಯನ್ನು ಮುಂದಿಡುತ್ತಾರೆ. ಮಕ್ಕಳ ಕಾಗದಗಳನ್ನು ಆಕೆ ಯಾಕೆ ಅಷ್ಟು ಗಂಭೀರವಾಗಿ ಎತ್ತಿಕೊಂಡಳು ಎಂಬುದಕ್ಕೂ ಮೂಲ ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಇನ್ನೊಂದು ಸೊಗಸಿದೆ. 1944ರಲ್ಲಿ ಅಚ್ಚಾದ ಆಕೆಯ ಮೊತ್ತಮೊದಲ ಪುಸ್ತಕ ಪಿಪ್ಪಿಯ ಕಥೆಯಲ್ಲ. ಅದು ಬ್ರಿಟ್-ಮಾರಿ ಎಂಬ ಹುಡುಗಿಯ ಕಥೆ. ರಾಬೆನ್ ಅಂಡ್ ಶೋಗ್ರೆನ್ ಪ್ರಕಾಶನದ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಗಳಿಸಿದ ಆ ಕಾದಂಬರಿ ಪೂರ್ತಿ ಕಾಗದಗಳಲ್ಲಿದೆ. ಊರಿನ ಹುಡುಗಿ ಸ್ಟಾಕ್‌ಹೋಮಿನ ಪತ್ರಮಿತ್ರೆಗೆ ಬರೆಯುವ ಕಾಗದಗಳು. ಅಂದರೆ ಬರಹಗಾರ್ತಿಯಾಗಿ ಆಕೆ ಜಗತ್ತಿಗೆ ಕೇಳಿಸಿದ ಮೊದಲ ದನಿಯೇ ಗೆಳತಿಗೆ ಮನಸ್ಸು ಬಿಚ್ಚಿಡುವ ಒಬ್ಬ ಹುಡುಗಿಯದು.

ಮಕ್ಕಳ ಜೊತೆ ನೇರವಾಗಿ ಮಾತಾಡುವುದು ಕೆಲವರಿಗೆ ಒಲಿಯುತ್ತದೆ. ಅದೇ ನೇರವನ್ನು ದೊಡ್ಡವರ ಜೊತೆ ಉಳಿಸಿಕೊಳ್ಳುವುದು ಕಷ್ಟ. ಅದಕ್ಕೆ ಲೂಯೀಸ್ ಹಾರ್ಟುಂಗ್ ಜೊತೆಗಿನ ಪತ್ರಗಳನ್ನು ನೋಡಬೇಕು. ಹಾರ್ಟುಂಗ್ ಬರ್ಲಿನ್ನಿನವಳು. ಹಿಂದೆ ಗಾಯಕಿಯಾಗಿದ್ದು, ಯುದ್ಧಾನಂತರ ನಗರದ ಯುವಜನ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವಳು. ಪಾಳುಬಿದ್ದ ನಗರದ ಮಕ್ಕಳ ಕೈಗೆ ಒಳ್ಳೆಯ ಪುಸ್ತಕ ಮುಟ್ಟಬೇಕೆಂದು ದುಡಿದವಳು. 1953ರಲ್ಲಿ ಲಿಂಡ್‌ಗ್ರೆನ್‌ಳನ್ನು ಬರ್ಲಿನ್ನಿಗೆ ಕರೆಸಿಕೊಂಡಳು. ಆ ಹಿಂದಿನ ವರ್ಷವಷ್ಟೇ ಲಿಂಡ್‌ಗ್ರೆನ್‌ಳ ಗಂಡ ಸ್ಟೂರೆ ತೀರಿಕೊಂಡಿದ್ದ. ಅಲ್ಲಿಂದ ಹನ್ನೊಂದು ವರ್ಷ, ಸುಮಾರು 600 ಕಾಗದಗಳು. ಹಾರ್ಟುಂಗ್ ಹೂವು, ಪುಸ್ತಕ ಕಳಿಸುತ್ತಿದ್ದಳು. ಕಾಗದಗಳಲ್ಲಿ ತನ್ನ ಪ್ರೇಮವನ್ನೂ ಮುಚ್ಚಿಡಲಿಲ್ಲ. ಆ ಪ್ರೇಮವನ್ನು ಅದೇ ರೀತಿಯಲ್ಲಿ ಹಿಂದಿರುಗಿಸಲು ತನ್ನಿಂದಾಗದು ಎಂದು ಲಿಂಡ್‌ಗ್ರೆನ್ ಸ್ಪಷ್ಟವಾಗಿ ಬರೆದಳು. ಬರೆದು ದೂರ ಸರಿಯಲಿಲ್ಲ. ಬದಲಿಗೆ ತನ್ನ ಒಂಟಿತನ, ತನ್ನೊಳಗಿನ ವಿಷಾದ, ಮಕ್ಕಳು ಮನೆ ಬಿಟ್ಟು ಹೊರಟ ಮೇಲಿನ ಖಾಲಿತನ, ಓದುತ್ತಿರುವ ಪುಸ್ತಕ, ಎಲ್ಲವನ್ನೂ ಹಂಚಿಕೊಂಡಳು.

ಸಾರಾಳಿಗೆ ಬರೆದದ್ದನ್ನೂ ಹಾರ್ಟುಂಗ್‌ಗೆ ಬರೆದದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡು ಸವಿಯುವುದು ನನಗಿಷ್ಟ. ಓದುಗರ ವಯಸ್ಸು ನಲವತ್ತು ಮೀರಿದೆಯೆಂದು ಒಂದು ಕಡೆ ದನಿ ಭಾರವಾಗಿಲ್ಲ, ಹನ್ನೆರಡೆಂದು ಇನ್ನೊಂದು ಕಡೆ ತೊದಲಾಗಿಲ್ಲ. ಎರಡೂ ಕಡೆ ಅದೇ ಹೆಂಗಸು. ಕೊಡಬಲ್ಲದ್ದನ್ನು ಧಾರಾಳವಾಗಿ ಕೊಡುತ್ತಾಳೆ. ಕೊಡಲಾಗದ್ದನ್ನು ಕೊಡುತ್ತೇನೆಂದು ಸುಳ್ಳು ಹೇಳುವುದಿಲ್ಲ. ಹುಡುಗಿಗೆ ಸಿನಿಮಾ ಪಾತ್ರ ಸಿಗಲಿಲ್ಲ, ಗೆಳತಿಗೆ ಪ್ರೇಮ ಸಿಗಲಿಲ್ಲ. ಇಬ್ಬರಿಗೂ ವರ್ಷಗಟ್ಟಲೆ ನಿಜವಾದ ಮಾತು ಸಿಕ್ಕಿತು.

ಇವರಿಬ್ಬರೇ ಆಗಿದ್ದರೆ ಇದನ್ನು ಆಪ್ತ ಸ್ನೇಹ ಎಂದು ಬದಿಗಿಡಬಹುದಿತ್ತು. ಆದರೆ ಸ್ವೀಡನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇರುವ ಆಕೆಯ ದಾಖಲೆಗಳಲ್ಲಿ ಬಂದ ಕಾಗದಗಳೇ ಸುಮಾರು 75,000. 2005ರಲ್ಲಿ ಯುನೆಸ್ಕೊ ಈ ಸಂಗ್ರಹವನ್ನು ತನ್ನ 'ಮೆಮರಿ ಆಫ್ ದಿ ವರ್ಲ್ಡ್' ಪಟ್ಟಿಗೆ ಸೇರಿಸಿತು. ಮಕ್ಕಳು ಬರೆದದ್ದಷ್ಟೇ ಅಲ್ಲ. 1976ರಲ್ಲಿ ತನ್ನ ಆದಾಯದ ಮೇಲೆ ನೂರಕ್ಕೆ 102ರಷ್ಟು ತೆರಿಗೆ ಬೀಳುತ್ತದೆಂದು ಗೊತ್ತಾಗಿ ಆಕೆ ಪತ್ರಿಕೆಯಲ್ಲಿ ಪೊಂಪೆರಿಪೋಸಾ ಎಂಬ ಕಥೆ ಬರೆದಾಗ ಇಡೀ ದೇಶವೇ ಚರ್ಚೆಗಿಳಿಯಿತು. ಎಂಬತ್ತರ ದಶಕದಲ್ಲಿ ಕ್ರಿಸ್ಟಿನಾ ಫೋರ್ಸ್‌ಲುಂಡ್ ಎಂಬ ಪಶುವೈದ್ಯೆಯ ಜೊತೆ ಸೇರಿ ದನ, ಹಂದಿ, ಕೋಳಿಗಳ ಪರವಾಗಿ ಬರೆದಳು. ಅದರಿಂದಾಗಿ 1988ರಲ್ಲಿ ಬಂದ ಪ್ರಾಣಿ ಸಂರಕ್ಷಣೆಯ ಕಾನೂನನ್ನು ಜನ ಆಕೆಯ ಹೆಸರಿನಿಂದಲೇ ಕರೆದರು. ದೇಶದ ದೊಡ್ಡವರೂ ತಮ್ಮ ಅಹವಾಲನ್ನು ಹಿಡಿದು ಮಕ್ಕಳ ಲೇಖಕಿಯ ವಿಳಾಸ ಹುಡುಕಿಕೊಂಡು ಬಂದರು.

ಸ್ಟಾಕ್‌ಹೋಮಿನ ಡಾಲಗಾಟನ್ 46, ಇದು ಆ ವಿಳಾಸ. 1941ರಿಂದ 2002ರಲ್ಲಿ ಕೊನೆಯುಸಿರೆಳೆಯುವವರೆಗೂ ಆಕೆ ಇದ್ದದ್ದು ಅದೇ ಮನೆಯಲ್ಲಿ. ಬೆಳಿಗ್ಗೆ ಹಾಸಿಗೆಯಲ್ಲೇ ಕುಳಿತು ಶೀಘ್ರಲಿಪಿಯಲ್ಲಿ ಕಥೆ. ಅಂಥ ನೋಟ್‌ಬುಕ್ಕುಗಳು ಸುಮಾರು 670 ಉಳಿದಿವೆ. 1946ರಿಂದ 1970ರವರೆಗೆ, ಮಧ್ಯಾಹ್ನದ ಮೇಲೆ ರಾಬೆನ್ ಅಂಡ್ ಶೋಗ್ರೆನ್ ಕಚೇರಿಯಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕಿಯ ಕೆಲಸ. ಉಳಿದ ಹೊತ್ತಿನಲ್ಲಿ ಕಾಗದಗಳಿಗೆ ಉತ್ತರ. ವಯಸ್ಸಾಗಿ ಕಣ್ಣು ಮಂಜಾದಾಗ ಕೆರ್ಸ್ಟಿನ್ ಕ್ವಿಂಟ್ ಎಂಬ ಸಹಾಯಕಿ ಓದಿ ಹೇಳುತ್ತಿದ್ದಳು, ಉತ್ತರಗಳನ್ನು ಬರೆಯಲು ನೆರವಾಗುತ್ತಿದ್ದಳು. ಸಾವಿರಾರು ಮಕ್ಕಳಲ್ಲಿ ಪ್ರತಿಯೊಬ್ಬರ ಜೊತೆಗೂ ಸಾರಾಳ ಜೊತೆಗಿನಂಥ ನಂಟು ಆಗುವಂತಿರಲಿಲ್ಲ. ಒಬ್ಬಳೇ ಹೆಂಗಸು, ಎರಡೇ ಕೈ. ಆದರೂ ಆ ಎರಡು ಕೈಗಳಿಂದ ಆದ ಕೆಲಸದ ರಾಶಿಯನ್ನು ನೆನೆದರೆ ಕೈ ಮುಗಿಯಬೇಕೆನ್ನಿಸುತ್ತದೆ.

ಆಕೆಯ ಉತ್ತರಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಮಗುವಿಗಲ್ಲ, ಒಂದೇ ಪ್ರಶ್ನೆ ಕೇಳಿದ ಎಷ್ಟೋ ಮಕ್ಕಳಿಗೆ ಬರೆದದ್ದು. 1973ರಲ್ಲಿ 'ದಿ ಬ್ರದರ್ಸ್ ಲಯನ್‌ಹಾರ್ಟ್' ಬಂತು. ಸಾವಿನಿಂದ ಶುರುವಾಗುವ ಮಕ್ಕಳ ಕಾದಂಬರಿ. ಕಾಯಿಲೆಯ ತಮ್ಮ ಕಾರ್ಲ್, ಅವನನ್ನು ಬೆಂಕಿಯಿಂದ ಉಳಿಸಲು ಹೋಗಿ ತಾನೇ ಸತ್ತ ಅಣ್ಣ ಯೋನಾಟನ್. ಇಬ್ಬರೂ ನಂಗಿಯಾಲಾ ಎಂಬ ಲೋಕದಲ್ಲಿ ಮತ್ತೆ ಕೂಡುತ್ತಾರೆ. ಅಲ್ಲಿಯೂ ಟೆಂಗಿಲ್ ಎಂಬ ಕ್ರೂರಿ ಇದ್ದಾನೆ, ಕಾಟ್ಲಾ ಎಂಬ ಬೆಂಕಿಯುಗುಳುವ ರಾಕ್ಷಸ ಪ್ರಾಣಿ ಇದೆ. ಅವುಗಳ ವಿರುದ್ಧದ ಹೋರಾಟ ಮುಗಿಯುವ ಹೊತ್ತಿಗೆ ಕಾಟ್ಲಾಳ ಬೆಂಕಿ ಸೋಕಿ ಯೋನಾಟನ್‌ನ ಮೈ ಮರಗಟ್ಟುತ್ತಿದೆ. ಹೆದರುಪುಕ್ಕಲ ತಮ್ಮ ಅಣ್ಣನನ್ನು ಬೆನ್ನ ಮೇಲೆ ಹೊತ್ತು ಕತ್ತಲಲ್ಲಿ ಜಿಗಿಯುತ್ತಾನೆ, ನಂಗಿಲಿಮಾ ಎಂಬ ಇನ್ನೊಂದು ಲೋಕ ಸಿಗಲೆಂದು. ಅಲ್ಲಿಗೆ ಪುಸ್ತಕ ಮುಗಿಯಿತು.

ದೊಡ್ಡವರಲ್ಲಿ ಹಲವರು ಬೆಚ್ಚಿದರು. ಮಕ್ಕಳಿಗೆ ಸಾವನ್ನು ಹೀಗೆ ತೋರಿಸಬಹುದೇ ಎಂದು ವಿಮರ್ಶಕರು ತಕರಾರು ತೆಗೆದರು. ಮಕ್ಕಳಿಗೆ ಆ ಚಿಂತೆಯೇ ಇರಲಿಲ್ಲ. ಅವರ ಪ್ರಶ್ನೆ ತುಂಬ ವ್ಯಾವಹಾರಿಕವಾದದ್ದು: ಆಮೇಲೆ ಏನಾಯಿತು? ಇಬ್ಬರೂ ಕ್ಷೇಮವಾಗಿ ಮುಟ್ಟಿದರಾ?

ಇಲ್ಲಿ ಲೇಖಕಿಯ ಮುಂದೆ ಎರಡು ಸುಲಭದ ದಾರಿಗಳಿದ್ದವು. 'ಅದು ನಿಮ್ಮ ಕಲ್ಪನೆಗೆ ಬಿಟ್ಟದ್ದು' ಎಂದು ಜಾಣತನದ ಮಾತಾಡಿ ಪಾರಾಗಬಹುದಿತ್ತು. ದೊಡ್ಡವರ ತಕರಾರಿಗೆ ಹೆದರಿ 'ಅದೆಲ್ಲ ಕಾರ್ಲ್‌ನ ಕನಸು' ಎಂದೂ ಹೇಳಬಹುದಿತ್ತು. ಆಕೆ ಎರಡನ್ನೂ ಬಿಟ್ಟು ಕೇಳಿದ್ದಕ್ಕೆ ಸರಿಯಾದ ಉತ್ತರ ಬರೆದಳು. ಮುಟ್ಟಿದರು, ಕ್ಷೇಮವಾಗಿದ್ದಾರೆ. ನಂಗಿಲಿಮಾದಲ್ಲಿ ಸೇಬಿನ ಕಣಿವೆಯೊಂದಿದೆ. ಅಲ್ಲಿ ಕಾದಂಬರಿಯಲ್ಲಿ ಬರುವ ಮತ್ತಿಯಾಸ್ ಅಜ್ಜನ ಜಮೀನಿದೆ, ಈಗ ಹುಡುಗರ ವಾಸ ಅಲ್ಲೇ. ಮರಗಳ ಮೇಲೆ ಗುಡಿಸಲು ಕಟ್ಟುತ್ತಾರೆ, ಕುದುರೆಯೇರಿ ಕಾಡೆಲ್ಲ ಸುತ್ತುತ್ತಾರೆ.

ಎಷ್ಟು ಪುಟ್ಟ ಉತ್ತರ, ಎಷ್ಟು ನಿಖರ! ಸಮಾಧಾನದ ಮಾತು ಒಂದೂ ಇಲ್ಲ, ಸಾವಿನ ಬಗ್ಗೆ ತತ್ತ್ವ ಇಲ್ಲ. ಇರುವುದು ಊರಿನ ಹೆಸರು, ಮನೆಯ ಯಜಮಾನನ ಹೆಸರು, ಹುಡುಗರು ದಿನವಿಡೀ ಏನು ಮಾಡುತ್ತಾರೆಂಬ ಸುದ್ದಿ. ದೂರದ ಊರಿಗೆ ಹೋದವರ ಬಗ್ಗೆ ನಾವೂ ಕೇಳುವುದು ಇಷ್ಟನ್ನೇ ಅಲ್ಲವೇ? ಎಲ್ಲಿ ಇಳಿದುಕೊಂಡಿದ್ದಾರೆ, ಯಾರ ಜೊತೆ ಇದ್ದಾರೆ, ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ. ಮೂರು ವರ್ಷ ಕೋಪನ್‌ಹೇಗನ್ನಿನ ಕಾಗದಗಳನ್ನು ಕಾದವಳಿಗೆ ಈ ಬಗೆಯ ಸುದ್ದಿಯ ಹಸಿವು ಚೆನ್ನಾಗಿ ಗೊತ್ತಿತ್ತು.

ಮುಗಿದ ಕೃತಿಗೆ ಲೇಖಕಿ ಬಾಲ ಕಟ್ಟಬಾರದು, ಕೊನೆಯ ಜಿಗಿತದ ಸಂದಿಗ್ಧವೇ ಅದರ ಸೌಂದರ್ಯ ಎಂದು ವಾದಿಸುವವರಿದ್ದಾರೆ. ಆ ವಾದದ ರುಚಿ ನನಗೂ ತಿಳಿಯುತ್ತದೆ, ಒಪ್ಪಿಗೆಯಿಲ್ಲ. ಕಾದಂಬರಿಯ ಕೊನೆಯ ಪುಟ ಇಂದಿಗೂ ಹಾಗೆಯೇ ಇದೆ, ಸಂದಿಗ್ಧ ಬೇಕಾದವರು ಅಲ್ಲಿಯೇ ನಿಲ್ಲಬಹುದು. ಸೇಬಿನ ಕಣಿವೆಯ ಸುದ್ದಿ ಕಾದಂಬರಿಯಲ್ಲಿಲ್ಲ, ಕಾಗದದಲ್ಲಿದೆ. ಅದು ಕೇಳಿದವರಿಗೆ ಮಾತ್ರ ಸೇರಿದ್ದು.